ಕೇಸಿಗೆ ಖರ್ಚಾದ ದುಡ್ಡು ಯುರೋಪಿನ ಕೋರ್ಟಲ್ಲಿ ಸಿಗುತ್ತದಾ?

ಬೈತಖೋಲ ಹುಡುಗ:
ಹೋದ ವರ್ಷ ಮಳೆಗಾಲದ ಮೀನುಗಾರಿಕೆ ಬಂದ್ ಮುಗಿದು ಬೋಟು ಕಡಲಿಗಿಳಿಯುವ ವಾರವೇ ಅಣ್ಣನನ್ನು ಪೊಲೀಸರು ಎಳೆದುಕೊಂಡು ಹೋದರು. ನಾಲ್ಕು ದಿನ ಲಾಕಪ್ಪು. ಕೇಸೂ ಇಲ್ಲ, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದ್ದೂ ಇಲ್ಲ. ವಕೀಲರನ್ನು ನೋಡಲು ಧಾರವಾಡಕ್ಕೆ ಓಡಾಡಿದ್ದೇ ಬಂತು. ಆಯಿ ಬಸ್ ಟಿಕೆಟ್ಟು, ಜೆರಾಕ್ಸ್ ಬಿಲ್ಲು ಎಲ್ಲಾ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಸ್ಟ್ರಾಸ್‌ಬರ್ಗಿನಲ್ಲಿರುವ ಯುರೋಪಿನ ಮಾನವ ಹಕ್ಕು ಕೋರ್ಟು ಪರಿಹಾರದ ಜೊತೆ ಖರ್ಚನ್ನೂ ಕೊಡಿಸುತ್ತದೆ ಎಂದು ಗೆಳೆಯ ಹೇಳಿದ. ನಿಜವಾ?

ಶಿರಸಿ ಟೈಪಿಸ್ಟ್:
ಕೊಡಿಸುವುದು ನಿಜ ತಮ್ಮಾ, ಆದರೆ ನಮಗಲ್ಲ. ಆ ಕೋರ್ಟು ನಡೆಯುವುದು ಯುರೋಪಿನ ದೇಶಗಳ ಮಾನವ ಹಕ್ಕು ಒಪ್ಪಂದದ ಮೇಲೆ, ಭಾರತ ಅದರಲ್ಲೇ ಇಲ್ಲ. ಅಲ್ಲಿ ಪರಿಹಾರ ಬೇರೆ, ಖರ್ಚು ಬೇರೆ. ಜಿಬ್ರಾಲ್ಟರಿನಲ್ಲಿ ಬ್ರಿಟಿಷ್ ಸೈನಿಕರು ಗುಂಡಿಟ್ಟ ಮೂವರ ಮನೆಯವರಿಗೆ 1995ರಲ್ಲಿ ಪರಿಹಾರ ಒಂದು ಪೈಸೆ ಸಿಗಲಿಲ್ಲ. ಸತ್ತವರು ಬಾಂಬಿಡಲು ಬಂದಿದ್ದರು ಅಂತ. ಕೇಸಿನ ಖರ್ಚಿಗೆ ಮಾತ್ರ 38,700 ಪೌಂಡ್ ಕೊಡಲು ಹೇಳಿದರು. ಅದಕ್ಕೂ ಒಂದೊಂದು ಖರ್ಚಿನ ಲೆಕ್ಕ ಬೇಕು, ನಿಜವಾಗಿ ಆಗಿರಬೇಕು, ಬೇಕಾದದ್ದೇ ಆಗಿರಬೇಕು.

ನಿನ್ನ ದಾರಿ ಹತ್ತಿರದಲ್ಲೇ ಇದೆ. ಹಕ್ಕು ಮುರಿದಾಗ ನೇರವಾಗಿ ಹಾಕುವ ರಿಟ್ ಅರ್ಜಿಯಲ್ಲೇ ಹೈಕೋರ್ಟು ಪರಿಹಾರ ಕೊಡಬಹುದು. ಒಡಿಶಾದ ನೀಲಬತಿ ಬೆಹೆರಾ, ಮಗ ಲಾಕಪ್ಪಿನಿಂದ ಹೆಣವಾದಾಗ ಸುಪ್ರೀಂ ಕೋರ್ಟಿಗೆ ಸುಮ್ನೆ ಒಂದು ಕಾಗದ ಬರೆದರು. ಅದನ್ನೇ ಅರ್ಜಿ ಎಂದುಕೊಂಡು 1993ರಲ್ಲಿ ಒಂದೂವರೆ ಲಕ್ಷ ಕೊಡಿಸಿದರು. ಕಮ್ಮಿಯೇ ಬಿಡು, ಆದರೆ ದಾರಿ ಆಯಿತು. ರಾಜ್ಯ ಮಾನವ ಹಕ್ಕು ಆಯೋಗಕ್ಕೆ ದೂರು ಕೊಡಲು ಶುಲ್ಕವೂ ಇಲ್ಲ. ಆದರೆ ಆಯೋಗ ಬರೀ ಶಿಫಾರಸು ಮಾಡುತ್ತದೆ. ಘಟನೆಯಾಗಿ ಒಂದು ವರ್ಷ ದಾಟಿದರೆ ಅದು ವಿಚಾರಣೆಯನ್ನೇ ಮಾಡುವುದಿಲ್ಲ. ದಿನ ಎಣಿಸಿಕೋ.

ಟಿಕೆಟ್ಟಿನ ಶಾಯಿ ಮಾಸುತ್ತದೆ, ಇವತ್ತೇ ಜೆರಾಕ್ಸ್ ಮಾಡಿಸು. ಆ ನಾಲ್ಕು ದಿನ ಬೋಟಿನ ಪಾಲು ಎಷ್ಟು ಹೋಯಿತು ಎಂದು ಮಾಲೀಕರಿಂದ ಬರೆಸಿಕೋ. ನಮ್ಮ ಟೈಪಿಂಗ್ ಅಂಗಡಿಗೆ ಬರುವವರಲ್ಲಿ ಜಾಸ್ತಿ ಜನ ಇದನ್ನೇ ಮರೆಯುತ್ತಾರೆ.

ಕಡಲಂಚು:
ಆ ಇಟಲಿ ನಾವಿಕರ ಕೇಸು? 2012ರಲ್ಲಿ ಕೇರಳದ ಕಡಲಲ್ಲಿ ಅವರ ಗುಂಡಿಗೆ ಇಬ್ಬರು ಮೀನುಗಾರರು ಸತ್ತದ್ದು. ಅದರ ದುಡ್ಡು ಹೊರಗಿನ ಕೋರ್ಟಿನಿಂದ ಬಂತಲ್ವಾ?

ಶಿರಸಿ ಟೈಪಿಸ್ಟ್:
ಅದು ಎರಡು ದೇಶಗಳ ಜಗಳ ಮಾರಾಯ್ರೇ. ಇಟಲಿ ಒಟ್ಟು ಹತ್ತು ಕೋಟಿ ಕೊಟ್ಟಿತು. ಸತ್ತವರ ಮನೆಗಳಿಗೆ ನಾಲ್ಕು ನಾಲ್ಕು, ಬೋಟಿನವರಿಗೆ ಎರಡು. ಕೇಸಿನ ಖರ್ಚು ಮಾತ್ರ ಆಯಾ ದೇಶದ್ದೇ ಆಯಿತು.

ಬೈತಖೋಲ ಹುಡುಗ:
ಅಕ್ಕಾ, ಡಬ್ಬಿ ತೆಗೆದುಕೊಂಡು ಕೂತಿದ್ದೇವೆ. ಹನ್ನೊಂದು ಟಿಕೆಟ್ಟಿನಲ್ಲಿ ಆರು ಮಾತ್ರ ಓದಲು ಬರುತ್ತವೆ. ನಡುವೆ ಕೊಬ್ಬರಿ ಎಣ್ಣೆಯ ಬಿಲ್ಲೂ ಇದೆ, ಅದನ್ನೂ ಸೇರಿಸಬೇಕಾ ಅಂತ ಆಯಿ ಕೇಳುತ್ತಿದ್ದಾಳೆ.