ಹಸಿರು ಛಾಯೆಯ ಹಳೆ ಬೇಲಿಕಂಬ ಬಚ್ಚಲೊಲೆಗೆ ಆದೀತೇ?

ಪ್ರಶ್ನೆ (ಬದಿಯಡ್ಕ): ಮರ ಕೆಡದಂತೆ ಸಿಸಿಎ ಎಂಬ ರಾಸಾಯನಿಕ ಹಾಕಿದ ಕಂಬಗಳು ಕೆಲವು ಉಳಿದಿವೆ. ಉರಿಸಿ, ಬೂದಿ ತೆಂಗಿನ ಬುಡಕ್ಕೆ ಹಾಕಬಹುದೇ?

ಉತ್ತರ 1: ಖಂಡಿತ ಬೇಡ. ಸಿಸಿಎಯಲ್ಲಿ ತಾಮ್ರ ಶಿಲೀಂಧ್ರ ತಡೆಯಲು, ಆರ್ಸೆನಿಕ್ ಎಂಬ ವಿಷ ಗೆದ್ದಲು ತಡೆಯಲು. ಕ್ರೋಮಿಯಂ ಇವೆರಡನ್ನೂ ಮರಕ್ಕೆ ಕಚ್ಚಿ ಹಿಡಿಸುತ್ತದೆ. ಸುಟ್ಟರೆ ಆ ಹಿಡಿತ ಹೋಯಿತು. ಆರ್ಸೆನಿಕ್‌ನ ಒಂದು ಪಾಲು ಟ್ರೈಆಕ್ಸೈಡ್ ಆಗಿ ಹೊಗೆಯಲ್ಲಿ ಹೋಗುತ್ತದೆ, ಉಳಿದದ್ದು ಬೂದಿಯಲ್ಲಿ. ಮಳೆ ಬಿದ್ದರೆ ಅಲ್ಲಿಂದ ಮಣ್ಣಿಗೆ. ದನಗಳಂತೂ ಉಪ್ಪುರುಚಿಗೆ ಬೂದಿ ನೆಕ್ಕುತ್ತವೆ, ಸಾಯುವುದೂ ಉಂಟು.

ಉತ್ತರ 2: ಸಿಸಿಎ ಹಾಕಿದ ಮರದ ಹಸಿರು ಬಿಸಿಲುಮಳೆಗೆ ಮಾಸಿ ಬೂದುಬಣ್ಣ ಬರುತ್ತದೆ, ಬಣ್ಣ ನಂಬಬೇಡಿ. ಗಟ್ಟಿ ಇದ್ದರೆ ಬೇಲಿಗೇ ಇರಲಿ, ಬಾವಿಯಿಂದ ದೂರ. ಕೊಯ್ಯುವುದಾದರೆ ಬಯಲಲ್ಲಿ, ಮಾಸ್ಕ್ ಹಾಕಿ, ಕೆಳಗೆ ಟಾರ್ಪಾಲು ಹಾಸಿ. ಹುಡಿ ಗೊಬ್ಬರಗುಂಡಿಗೆ ಬೇಡ.

ಪ್ರಶ್ನೆ: ಅಡಿಕೆಗೆ ಬಿಡುವ ಮೈಲುತುತ್ತಿನಲ್ಲೂ ಆರ್ಸೆನಿಕ್ ಇದೆಯೇ?

ಉತ್ತರ 1: ಇಲ್ಲ, ಅದು ತಾಮ್ರದ ಸಲ್ಫೇಟ್. ಅಡಿಕೆಗೆ ಬಿಡುವ ಬೋರ್ಡೊ ದ್ರಾವಣಕ್ಕೆ ಅದರ ಜೊತೆ ಸುಣ್ಣ, ಅಷ್ಟೇ.