ಹೇರ್‌ಪಿನ್ ಅಂತ ಕರಗಿಸಲು ಹೊರಟಿದ್ದೆ, ಇದು ನಾಣ್ಯವಾ?

ಬಾರಾಕಮಾನ್_ಹುಡುಗ:

ಎಲ್ಲರಿಗೂ ನಮಸ್ಕಾರ. ನಮ್ಮದು ವಿಜಯಪುರ. ಹೋದ ತಿಂಗಳು ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಅಜ್ಜನ ತಂಬಾಕಿನ ಡಬ್ಬಿ ಸಿಕ್ಕಿತು. ಒಳಗೆ ಹನ್ನೆರಡು ತಾಮ್ರದ ತುಂಡುಗಳಿವೆ. ದಪ್ಪ ದಪ್ಪ, ಒಂದೂ ಸರಿಯಾಗಿ ದುಂಡಗಿಲ್ಲ, ಮೇಲೆ ಉರ್ದು ಥರದ ಅಕ್ಷರ. ಈಸ್ಟ್ ಇಂಡಿಯಾ ಕಂಪನಿ 1818 ಅಂತ ಬರೆದ, ಹನುಮಂತನ ಚಿತ್ರದ ಒಂದು ನಾಣ್ಯ ಇದೆ. ಚೌಕಾಕಾರದ ತೂತಿನ ಒಂದು ಚೀನಾ ನಾಣ್ಯ ಇದೆ, ಕೆಂಪು ದಾರ ಕಟ್ಟಿದ್ದು.

ಇವೆಲ್ಲದರ ಜೊತೆ ಎರಡಾಗಿ ಮಡಚಿದ ಬೆಳ್ಳಿ ತಂತಿ ಒಂದಿತ್ತು. ಅವ್ವ ನೋಡಿ "ಹಳೇ ಹೇರ್‌ಪಿನ್ ಇರಬೇಕು, ಪತ್ತಾರರಿಗೆ ಕೊಟ್ಟು ಬಾ" ಅಂದಳು. ಕೊಟ್ಟೆ. ಅವರು ಕಲ್ಲಿಗೆ ಉಜ್ಜಿ ಬೆಳ್ಳಿ ಚೆನ್ನಾಗಿದೆ ಅಂದರು, ತೂಗಿದರು, 4.7 ಗ್ರಾಂ ಬಂತು. ಇನ್ನೇನು ಒಲೆಗೆ ಹಾಕಬೇಕು, ಅಷ್ಟರಲ್ಲಿ ತಂತಿಯ ಚಪ್ಪಟೆ ಭಾಗದಲ್ಲಿ ಏನೋ ಬರೆದ ಹಾಗೆ ಕಂಡಿತು, ಬೇಡ ಅಂತ ವಾಪಸ್ ತಂದೆ. ಹೊಟ್ಟೆ ಉರಿಯುವ ವಿಷಯ ಅಂದರೆ, ಇಂಥದೇ ಇನ್ನೊಂದು ಇತ್ತಂತೆ, ತಂಗಿಯ ಮದುವೆಯಲ್ಲಿ ಕಾಲುಂಗುರಕ್ಕೆ ಹಾಕಿಬಿಟ್ಟಿದ್ದಾರೆ. ಇದು ಏನು? ಎಷ್ಟು ಬಾಳುತ್ತದೆ? ತೊಳೆದು ಫೋಟೋ ಹಾಕಲಾ?

ಹಳೇರೊಕ್ಕ_ಬೆಳಗಾವಿ:

ಅಣ್ಣಾ, ಅದು ಪಿನ್ನಲ್ಲ, ಲಾರಿ. ನಗಬೇಡಿ, ಸರಕು ಹೊರುವ ಲಾರಿ ಅಲ್ಲ. ಇರಾನಿನ ದಕ್ಷಿಣದಲ್ಲಿ ಲಾರ್ ಅಂತ ಒಂದು ಊರಿದೆ, ಈ ತಂತಿ ನಾಣ್ಯಕ್ಕೆ ಅಲ್ಲಿಂದಲೇ ಹೆಸರು ಬಂತು. ಪರ್ಶಿಯನ್ ಕೊಲ್ಲಿಯ ವ್ಯಾಪಾರಿಗಳು ಹಡಗಿನಲ್ಲಿ ಎಲ್ಲೆಲ್ಲಿಗೆ ಹೋದರೋ ಅಲ್ಲೆಲ್ಲ ಇದೂ ಹೋಯಿತು. ಶ್ರೀಲಂಕಾದಲ್ಲಿ ಇದನ್ನೇ ಮೀನಿನ ಗಾಳದ ಹಾಗೆ ಬಗ್ಗಿಸುತ್ತಿದ್ದರು. ಮಾಲ್ಡೀವ್ಸ್‌ನಲ್ಲಿ ಇವತ್ತಿಗೂ ಚಿಲ್ಲರೆಗೆ ಲಾರಿ ಅಂತಲೇ ಹೆಸರು. ಬೆಳ್ಳಿ ಒಳ್ಳೆಯದಾ ಅಂತ ಅನುಮಾನ ಬಂದರೆ ವ್ಯಾಪಾರಿ ಉಳಿಯಿಂದ ಸಣ್ಣ ಕಚ್ಚು ಹಾಕಿ ನೋಡುತ್ತಿದ್ದ. ನಿಮ್ಮದರಲ್ಲೂ ಕಚ್ಚು ಇದೆಯಾ ನೋಡಿ.

ನಮ್ಮ ಕಡೆ ಇದನ್ನು ಹೊಡೆಸಿದ್ದು ಎರಡನೇ ಅಲಿ ಆದಿಲ್ ಶಾಹ, 1656ರಿಂದ 1672ರವರೆಗೆ ಆಳಿದವನು. ನಿಮ್ಮ ಹೆಸರಿನಲ್ಲಿರುವ ಬಾರಾ ಕಮಾನ್ ಅವನದೇ ಗೋರಿ, ಅರ್ಧಕ್ಕೆ ನಿಂತಿದ್ದು. ತಂತಿಯ ಮೇಲೆ ಇಸವಿ ಹುಡುಕಿ, ಹಿಜರಿ ಅಂದರೆ ಮುಸ್ಲಿಂ ಪಂಚಾಂಗದ ಲೆಕ್ಕದಲ್ಲಿ ಇರುತ್ತದೆ. ಅದನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಹೆಚ್ಚು ಕಡಿಮೆ ನಮ್ಮ ಇಸವಿ ಬರುತ್ತದೆ, ಯಾಕಂದರೆ ಅವರ ವರ್ಷ ಚಾಂದ್ರಮಾನದ್ದು, ಸುಮಾರು 354 ದಿನ. ಮಡಿಕೆಯನ್ನು ಮಾತ್ರ ಬಿಚ್ಚಲು ಹೋಗಬೇಡಿ, ಲಟಕ್ ಅಂತ ಮುರಿಯುತ್ತದೆ.

ಇಳಕಲ್_ಅಕ್ಕ:

ತಮ್ಮಾ, ತೊಳೆಯಬೇಡ! ನಾನು ಇದೇ ತಪ್ಪು ಮಾಡಿದವಳು. ಮಾವನವರ ಕಾಲದ ಶಿವರಾಯಿ, ಅಂದರೆ ಶಿವಾಜಿ ಹೆಸರಿನ ತಾಮ್ರದ ನಾಣ್ಯ, ಒಂದಿತ್ತು, ಒಂದು ಕಡೆ "ಶ್ರೀ ರಾಜಾ ಶಿವ" ಅಂತ ಚೆನ್ನಾಗಿಯೇ ಓದಲು ಬರುತ್ತಿತ್ತು. ದೇವರ ಸಾಮಾನು ತಿಕ್ಕುವ ದಿನ ಅದಕ್ಕೂ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದೆ. ಹೊಸ ತಂಬಿಗೆ ಹಾಗೆ ಗುಲಾಬಿ ಬಣ್ಣ ಬಂತು, ಅಕ್ಷರ ಅರ್ಧ ಹೋಯಿತು. ಆ ಕಪ್ಪು, ಹಸಿರು ಪದರ ಕೊಳೆ ಅಲ್ಲ, ಅದೇ ತಾಮ್ರವನ್ನು ಕಾಯುವುದು.

ಆದರೆ ಎಲ್ಲ ಹಸಿರೂ ಒಂದೇ ಅಲ್ಲ. ಹಲ್ಲುಕಡ್ಡಿಯಿಂದ ಮೆಲ್ಲಗೆ ಗೀರು. ಗಟ್ಟಿ ಇದ್ದರೆ ಬಿಡು. ತಿಳಿ ಹಸಿರು ಪುಡಿ ಉದುರಿದರೆ ಅದು ರೋಗ, ಒಳಗೆ ಉಪ್ಪಿನಂಶ ಸೇರಿ ತಾಮ್ರವನ್ನು ತಿನ್ನುತ್ತಿದೆ ಅಂತ ಅರ್ಥ. ಆ ತುಂಡನ್ನು ಬೇರೆ ಇಡು, ಒಣಗಿದ ಜಾಗದಲ್ಲಿಡು. ಮೆತ್ತನೆಯ ಪಿವಿಸಿ ಕವರಿನಲ್ಲಿ ಇಡಬೇಡ, ವರ್ಷ ಕಳೆದರೆ ಜಿಗಟಾಗಿ ನಾಣ್ಯಕ್ಕೆ ಮೆತ್ತಿಕೊಳ್ಳುತ್ತದೆ.

ಕೃಷ್ಣಾತೀರ_ಬಾಗಲಕೋಟೆ:

ನಾನು ಸ್ವಲ್ಪ ತಣ್ಣೀರು ಹಾಕುತ್ತೇನೆ, ಬೇಜಾರಾಗಬೇಡಿ. ಹನುಮಂತನ 1818ರದ್ದು ನಾಣ್ಯವೇ ಅಲ್ಲ. ಕಂಪನಿಯವರು ಹನುಮಂತನ ಚಿತ್ರ ಹಾಕಿ ಅಂಥ ನಾಣ್ಯ ಹೊಡೆಸಿಯೇ ಇಲ್ಲ. ಜಾತ್ರೆ, ಗುಡಿ ಮುಂದೆ ಮಾರುವ ಬಿಲ್ಲೆ ಅದು. ದೇವರ ಮನೆಯಲ್ಲಿಡಿ, ತಪ್ಪೇನಿಲ್ಲ. ಕೆಂಪು ದಾರದ ಚೀನಾ ನಾಣ್ಯವೂ ಬಹುತೇಕ ಫೆಂಗ್ ಶೂಯಿ ಅಂಗಡಿಯದು. ನಿಜವಾದ ಹಳೆಯದು ಇರುವುದೇ ಇಲ್ಲ ಅಂತಲ್ಲ. ಆ ಚೌಕ ತೂತಿನ ಮಾದರಿ ಕ್ರಿಸ್ತಪೂರ್ವ ಕಾಲದ್ದು, 621ರಲ್ಲಿ ಟ್ಯಾಂಗ್ ದೊರೆಗಳು ತಂದ ನಾಲ್ಕಕ್ಷರದ ನಾಣ್ಯವನ್ನು ನೋಡಿ ಜಪಾನ್, ಕೊರಿಯಾ, ವಿಯೆಟ್ನಾಂ ಎಲ್ಲವೂ ಹಾಗೇ ಮಾಡಿಕೊಂಡವು. ಅವನ್ನು ಬಡಿದು ಮಾಡುತ್ತಿರಲಿಲ್ಲ, ಅಚ್ಚಿಗೆ ಹೊಯ್ದು ಅಂಚನ್ನು ಅರದಿಂದ ತಿಕ್ಕುತ್ತಿದ್ದರು. ಅಂಚು ನೋಡಿದರೆ ಗೊತ್ತಾಗುತ್ತದೆ.

ನಮ್ಮ ತಾಮ್ರದ್ದು ಹಾಗಲ್ಲ, ಬಡಿದಿದ್ದು. ಅವಕ್ಕೆ ಫಲೂಸ್ ಅಂತ ಹೆಸರು. ಬೆಲೆ ಕೇಳಿದಿರಲ್ವಾ? ಲಕ್ಷಗಟ್ಟಲೆ ಮರೆತುಬಿಡಿ, ಈ ಕಡೆ ಬೇಕಾದಷ್ಟು ಸಿಗುತ್ತವೆ. ಯಾರಾದರೂ ಫೋನ್ ಮಾಡಿ "ರಿಸರ್ವ್ ಬ್ಯಾಂಕಿನಿಂದ, ಹಳೇ ನಾಣ್ಯ ಕೊಳ್ಳುತ್ತೇವೆ, ಮೊದಲು ಕಮಿಷನ್ ಹಾಕಿ" ಅಂದರೆ ಫೋನ್ ಇಟ್ಟುಬಿಡಿ. ಅಂಥದ್ದಕ್ಕೂ ತಮಗೂ ಸಂಬಂಧವಿಲ್ಲ ಅಂತ 2021ರಲ್ಲಿ ರಿಸರ್ವ್ ಬ್ಯಾಂಕೇ ಹೇಳಿದೆ.

ಇನ್ನೊಂದು. ಅಜ್ಜನ ಡಬ್ಬಿಯದು ಸರಿ, ಆದರೆ ಹೊಲ ಉಳುವಾಗ ನಾಣ್ಯ ತುಂಬಿದ ಗಡಿಗೆ ಸಿಕ್ಕಿದರೆ ಅದು ಬೇರೆ ಕಥೆ, 1878ರ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ನೂರು ವರ್ಷ ದಾಟಿದ ನಾಣ್ಯವನ್ನು ಹೊರದೇಶಕ್ಕೆ ಮಾರುವ ಹಾಗೂ ಇಲ್ಲ, ಅದು 1972ರ ಕಾಯ್ದೆ.

ಹಳೇರೊಕ್ಕ_ಬೆಳಗಾವಿ:

ಬೆಲೆ ಬಿಡಿ ಸರ್, ಫಲೂಸ್ ಓದುವುದರಲ್ಲೇ ಮಜಾ ಇದೆ. ಅಚ್ಚು ದೊಡ್ಡದು, ತಾಮ್ರದ ತುಂಡು ಸಣ್ಣದು, ಹಾಗಾಗಿ ಒಂದು ನಾಣ್ಯದಲ್ಲಿ ಪೂರ್ತಿ ಸಾಲು ಬೀಳುವುದೇ ಇಲ್ಲ. ಮೊಬೈಲ್ ಟಾರ್ಚನ್ನು ಪಕ್ಕದಿಂದ, ನೆಲಕ್ಕೆ ತಾಗುವ ಹಾಗೆ ಹಿಡಿದು ನೋಡಿ, ನೆರಳಿನಲ್ಲಿ ಅಕ್ಷರ ಏಳುತ್ತವೆ. ಗೋಳಗುಮ್ಮಟದ ಮುಹಮ್ಮದ್ ಆದಿಲ್ ಶಾಹ (1627–1656) ತನ್ನ ಫಲೂಸಿನ ಮೇಲೆ ಎರಡು ಸಾಲಿನ ಫಾರಸಿ ಪದ್ಯವನ್ನೇ ಹಾಕಿಸಿದ್ದ. ಈ ಇಬ್ಬರು ಮುಹಮ್ಮದರಿಂದ ಜಗತ್ತಿಗೆ ಚೆಲುವು, ಘನತೆ ಬಂತು, ಒಬ್ಬರು ಪ್ರವಾದಿ, ಇನ್ನೊಬ್ಬ ಮುಹಮ್ಮದ್ ಶಾಹ ಅಂತ. ಮೂರು ರೂಪಾಯಿಯ ಕೆಲಸಕ್ಕೂ ಬರದ ಚಿಲ್ಲರೆ ಮೇಲೆ ಪದ್ಯ, ನೋಡಿ ಶೋಕಿ! ಓದಲು ಬರದಿದ್ದರೆ ಝೆನೋ ಅಂತ ಒಂದು ಜಾಲತಾಣ ಇದೆ, ಪೂರ್ವದೇಶಗಳ ನಾಣ್ಯಗಳದ್ದೇ ಫೋಟೋ, ಪಕ್ಕದಲ್ಲಿಟ್ಟು ಹೋಲಿಸಿ.

ಬಾರಾಕಮಾನ್_ಹುಡುಗ:

ಎಲ್ಲರಿಗೂ ಥ್ಯಾಂಕ್ಸ್. ನೀರು ಮುಟ್ಟಿಸಿಲ್ಲ ಅಕ್ಕಾ. ರಾತ್ರಿ ಲೈಟ್ ಆರಿಸಿ ಟಾರ್ಚ್ ಹಿಡಿದು ಕೂತಿದ್ದೆ, ಅವ್ವ ಹುಚ್ಚು ಹಿಡಿಯಿತಾ ಅಂದಳು. ತಂತಿಯ ಮೇಲೆ ಒಂದು ಗೀಟು, ಒಂದು ಚುಕ್ಕೆ, ಆಮೇಲೆ ಇಂಗ್ಲಿಷಿನ ವಿ ಥರದ್ದು ಕಂಡಿತು. ನಮ್ಮ ಓಣಿಯಲ್ಲಿ ಉರ್ದು ಕಲಿಸುವ ಚಾಚಾಗೆ ತೋರಿಸಿದರೆ 107 ಅಂದರು. ಕೊನೇ ಅಂಕಿ ತುದಿಯಲ್ಲಿ ಕತ್ತರಿಸಿ ಹೋಗಿದೆ. 1070ರಿಂದ 1079 ಅಂದರೆ ನಮ್ಮ 1659ರಿಂದ 1669ರ ನಡುವೆ, ಲೆಕ್ಕ ಸರಿ ಅಲ್ವಾ? ಉಳಿ ಕಚ್ಚೂ ಇದೆ, ಮಡಿಕೆಯ ಹತ್ತಿರ.

ತಾಮ್ರದ ಐದು ತುಂಡುಗಳಲ್ಲಿ "ಮುಹಮ್ಮದ್" ಸಿಕ್ಕಿತು. ಒಂದರಲ್ಲಿ ಮೊದಲ ಅರ್ಧ, ಇನ್ನೊಂದರಲ್ಲಿ ಕೊನೆಯ ಎರಡಕ್ಷರ. ಹಳೇ ದಿನಪತ್ರಿಕೆ ಮೇಲೆ ಐದನ್ನೂ ಸಾಲಾಗಿ ಜೋಡಿಸಿದಾಗ ಚಾಚಾ ಮೊದಲನೇ ಸಾಲನ್ನು ಪೂರ್ತಿ ರಾಗವಾಗಿ ಓದಿಬಿಟ್ಟರು. ತಂಗಿಗೆ ಫೋನ್ ಮಾಡಿ ಕಾಲುಂಗುರದ ವಿಷಯ ಹೇಳಿದೆ, ಅದನ್ನು ಎಂದೋ ಹಾಕಿ ಹೊಸ ಡಿಸೈನ್ ತಗೊಂಡೆ ಅಂದಳು. ಉಳಿದ ಏಳರಲ್ಲಿ ಒಂದು ಮಾತ್ರ ಯಾವ ಕಡೆ ತಿರುಗಿಸಿದರೂ ಅರ್ಥವಾಗುತ್ತಿಲ್ಲ, ನಾಳೆ ಬೆಳಕಿನಲ್ಲಿ ಫೋಟೋ ತೆಗೆದು ಹಾಕುತ್ತೇನೆ.