114 ಕುದುರೆಗಳ ಆಮೆನಡಿಗೆ

ಪುಣೆಯಲ್ಲಿ ಅತ್ಯಂತ ನಿಧಾನವಾಗಿ ಕಾರು ಓಡಿಸುವವರು ಯಾರೆಂದು ನಮ್ಮ ಭಾನುವಾರದ ಕಾಫಿ ಬಳಗವನ್ನು ಕೇಳಿದರೆ ಎಲ್ಲರೂ ನನ್ನತ್ತ ಬೆರಳು ತೋರಿಸುತ್ತಾರೆ. ಬಳಗದ ಅತ್ಯಂತ ವೇಗದ ಕಾರು ಇರುವುದೂ ನನ್ನ ಬಳಿಯೇ ಎಂಬುದು ಅವರ ನಗೆಗೆ ಒಗ್ಗರಣೆ. ನನ್ನದು 2010ರ ಫಿಯೆಟ್ ಲೀನಿಯಾ ಟಿ-ಜೆಟ್: 1.4 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 114 ಅಶ್ವಶಕ್ತಿ, ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕು. ಈ ವಿವರಗಳನ್ನು ಕೇಳದವರಿಗೂ ಹೇಳುತ್ತೇನೆಂಬ ಆರೋಪ ನನ್ನ ಮೇಲಿದೆ.

"ಫಿಯೆಟ್ ಎಂದರೆ ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿ ಅಲ್ಲವೇ ಮಾರಾಯರೇ?" ಎಂದು ಶೆಟ್ಟರು ಪ್ರತಿ ಸಲವೂ ಮೊದಲ ಬಾರಿ ಕೇಳುವವರಂತೆ ಕೇಳುತ್ತಾರೆ. ಹುಡುಗರಾಗಿದ್ದಾಗ ಮಾಟುಂಗಾದ ಹೋಟೆಲಿನಲ್ಲಿ ದುಡಿದವರಾದ್ದರಿಂದ ಅವರಿಗೆ ಫಿಯೆಟ್ ಎಂದರೆ ಪ್ರೀಮಿಯರ್ ಪದ್ಮಿನಿಯೇ. "ಆ ಟ್ಯಾಕ್ಸಿಗಳಿಗೂ 20 ವರ್ಷದ ಆಯುಷ್ಯವೆಂದು ಸರ್ಕಾರ ಬರೆದಿತ್ತು; 2023ರ ಅಕ್ಟೋಬರಿನಲ್ಲಿ ಕೊನೆಯದೂ ರಸ್ತೆ ಬಿಟ್ಟಿತು. ನಿಮ್ಮದರ ಜಾತಕ ಏನು ಹೇಳುತ್ತದೆ?"

ಜಾತಕವನ್ನು ಇತ್ತೀಚೆಗಷ್ಟೇ ಬರೆಸಿಕೊಂಡು ಬಂದಿದ್ದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಕಾರನ್ನು ತಪಾಸಣೆಗೆ ಒಯ್ದು, ಪರಿಸರ ತೆರಿಗೆ ಕಟ್ಟಿ, 5,000 ರೂಪಾಯಿ ಶುಲ್ಕ ತೆತ್ತರೆ ಇನ್ನೈದು ವರ್ಷ ಸಿಗುತ್ತದೆ. 20 ದಾಟಿದ ಕಾರಿಗೆ ಅದೇ ಶುಲ್ಕ 10,000 ಎಂದು 2025ರಲ್ಲಿ ನಿಯಮ ಬಂದಿದೆ. ತಪಾಸಣೆಯ ಅಧಿಕಾರಿ ಬಾನೆಟ್ ತೆರೆಸಿ, ಎಂಜಿನ್ ಶಬ್ದವನ್ನು ಕಿವಿಗೊಟ್ಟು ಕೇಳಿ, ದೋಷಗಳ ಪಟ್ಟಿ ಹೇಳುತ್ತಾರೆಂದು ನಾನು ಕಾಯುತ್ತಿದ್ದರೆ, ಮೆಲ್ಲಗೆ "ವಿಕಾಯಚೀ ಆಹೆ ಕಾ?" ಎಂದರು. ಮಾರುವುದಿಲ್ಲವೆಂದು ಹೇಳಿದ ಆ ಕ್ಷಣದ ಹೆಮ್ಮೆಯನ್ನು ನಾನು ಮನೆಯಲ್ಲಿ ವರ್ಣಿಸಿದಾಗ, ಒಳ್ಳೆಯ ಬೆಲೆಗೆ ಮಾರುವ ಅವಕಾಶವನ್ನು ಕೈಬಿಟ್ಟವರನ್ನು ಏನೆನ್ನುತ್ತಾರೆಂದು ನನ್ನ ಹೆಂಡತಿ ಸವಿಸ್ತಾರವಾಗಿ ತಿಳಿಸಿದಳು.

"ಅದೆಲ್ಲ ಸರಿ, ಇಷ್ಟು ಶಕ್ತಿಯ ಕಾರನ್ನು ನೀವು ಎತ್ತಿನಗಾಡಿಯಂತೆ ಏಕೆ ಓಡಿಸುತ್ತೀರಿ?" ಎಂದರು ಬ್ಯಾಂಕಿನಿಂದ ನಿವೃತ್ತರಾದ ರಾಯರು.

ಉತ್ತರ ರಸ್ತೆಯಲ್ಲಿದೆ. ರಸ್ತೆಯ ಉಬ್ಬು 3.7 ಮೀಟರ್ ಅಗಲವಿದ್ದು ನಡುವೆ 10 ಸೆಂಟಿಮೀಟರ್ ಮಾತ್ರ ಎತ್ತರವಿರಬೇಕೆಂದು ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡ ಹೇಳುತ್ತದೆ. ಅಂಥ ಉಬ್ಬನ್ನು ನಾನು ಕಾಗದದ ಮೇಲೆ ಮಾತ್ರ ಕಂಡಿದ್ದೇನೆ. ನಮ್ಮ ಗಲ್ಲಿಯ ಉಬ್ಬುಗಳನ್ನು ಉಳಿದ ಡಾಂಬರನ್ನು ಎಲ್ಲಿ ಸುರಿಯಬೇಕೆಂದು ತೋಚದವರು ಕಟ್ಟಿದಂತಿದೆ. ಹಿಂದಿನ ಸೀಟಿನಲ್ಲಿ ಮೂವರು ಕುಳಿತರೆ ಕಾರಿನ ಹೊಟ್ಟೆ ಅವುಗಳಿಗೆ ತಗಲುತ್ತದೆ. ಆದ್ದರಿಂದ ನಾನು ಕಾರನ್ನು ಓರೆಯಾಗಿ ತಿರುಗಿಸಿ, ಒಂದೊಂದೇ ಚಕ್ರವನ್ನು ಹತ್ತಿಸಿ ಇಳಿಸುತ್ತೇನೆ. ಅಷ್ಟರಲ್ಲಿ ಹಿಂದಿನ ರಿಕ್ಷಾದವರು ನನ್ನ ವಂಶವನ್ನು ನೆನೆಯುತ್ತಾರೆ. ಮುಖಕ್ಕೆ ಓಢಣಿ ಸುತ್ತಿಕೊಂಡ ತರುಣಿಯರ ಸ್ಕೂಟರುಗಳು ಎಡಕ್ಕೂ ಬಲಕ್ಕೂ ಹಾದು ಹೋಗುತ್ತವೆ. ಒಮ್ಮೆ ಶೆಟ್ಟರನ್ನು ಇಳಿಯಿರೆಂದು ವಿನಂತಿಸಿಕೊಂಡದ್ದೂ ಉಂಟು. "ರಾಯರ ಸಣ್ಣ ಕಾರಿನಲ್ಲಿ ನಾನು ಉಬ್ಬಿನ ಮೇಲೆ ಕುಳಿತೇ ಹೋಗುತ್ತೇನೆ, ನಿಮ್ಮ 114 ಕುದುರೆಗಳ ಕಾರಿನಲ್ಲಿ ನಡೆದು ಹೋಗುತ್ತೇನೆ" ಎಂದು ಅವರು ಆ ದಿನದಿಂದ ಗಿರಾಕಿಗಳಿಗೂ ಹೇಳುತ್ತಿದ್ದಾರೆ.

ಟರ್ಬೊ ಎಂಬುದರ ಸ್ವಭಾವವೂ ಪುಣೆಗೆ ಒಗ್ಗುವಂಥದಲ್ಲ. ಎಂಜಿನ್ ಹೊರಹಾಕುವ ಬಿಸಿ ಅನಿಲವೇ ಒಂದು ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರ ಇನ್ನೊಂದನ್ನು ತಿರುಗಿಸಿ ಹೆಚ್ಚು ಗಾಳಿಯನ್ನು ಎಂಜಿನ್ನಿನೊಳಗೆ ತುಂಬುತ್ತದೆ. ಆದರೆ ಎಂಜಿನ್ ನಿಮಿಷಕ್ಕೆ 2000 ಸುತ್ತಿನ ಆಸುಪಾಸಿಗೆ ಬರುವವರೆಗೆ ಇದರ ಸುಳಿವೇ ಇರುವುದಿಲ್ಲ. ಅಲ್ಲಿಗೆ ಬರುವಷ್ಟರಲ್ಲಿ ಸ್ವಾರಗೇಟಿನ ಸಿಗ್ನಲ್ ಕೆಂಪಾಗುತ್ತದೆ.

"ಹಾಗಾದರೆ ಎಕ್ಸ್‌ಪ್ರೆಸ್ ಹೆದ್ದಾರಿ ಇದೆಯಲ್ಲ?" ಎಂದರು ಮಾಸ್ತರರು.

ಅದಕ್ಕೆ ರಾಯರೇ ಲೆಕ್ಕ ಬಿಡಿಸಿದರು. ಮುಂಬಯಿ-ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿ ಸುಮಾರು 95 ಕಿಲೋಮೀಟರ್. ಕಾರಿಗೆ ಮಿತಿ 100, ಘಾಟಿಯಲ್ಲಿ 60. ಕ್ಯಾಮೆರಾಗಳು ಆ ಜಾಗದ ವೇಗವನ್ನಷ್ಟೇ ಅಲ್ಲದೆ ಎರಡು ಕಂಬಗಳ ನಡುವಿನ ಸರಾಸರಿಯನ್ನೂ ಅಳೆಯುತ್ತವೆ. "ಎಂದರೆ ನೀವು 150ರಲ್ಲಿ ಹೋದಿರೆನ್ನಿ, ಸರಾಸರಿ ಸರಿದೂಗಿಸಲು ನಡುವೆ ಎಲ್ಲಾದರೂ ನಿಂತು ಬಟಾಟೆವಡೆ ತಿನ್ನುತ್ತ ಕೂರಬೇಕು. ನಾನು ನನ್ನ ಸಣ್ಣ ಕಾರಿನಲ್ಲಿ 100ಕ್ಕೆ ಬಂದು ಅಲ್ಲೇ ನಿಮ್ಮನ್ನು ಕೂಡಿಕೊಳ್ಳುತ್ತೇನೆ. ವಡೆಯ ಖರ್ಚು ಮಾತ್ರ ನಿಮ್ಮದು."

ಮಾಸ್ತರರಿಗೆ ನಿಪ್ಪಾಣಿಯ ಕಡೆ ಕಬ್ಬಿನ ಹೊಲವಿದೆ. ಅದರಿಂದ ನನ್ನ ಟ್ಯಾಂಕಿನ ಮೇಲೆ ತಮಗೂ ಹಕ್ಕಿದೆಯೆಂಬ ಭಾವನೆ ಅವರದು. ಈಗ ಪೆಟ್ರೋಲಿನಲ್ಲಿ, ಕಬ್ಬಿನಿಂದಲೂ ತಯಾರಾಗುವ ಎಥೆನಾಲ್ 20 ಪ್ರತಿಶತ ಇರುತ್ತದೆ. ಎಥೆನಾಲಿನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಆದ್ದರಿಂದ ಮಿಶ್ರಣದಲ್ಲಿ ಆರೇಳು ಪ್ರತಿಶತ ಕೊರತೆ ಬೀಳುತ್ತದೆ. ಹಳೆಯ ಕಾರಿನ ರಬ್ಬರ್ ಕೊಳವೆಗಳ ಚಿಂತೆ ಬೇರೆ. ನಾನು ಇದನ್ನು ದುಃಖದಿಂದ ಹೇಳಿದಾಗ ಮಾಸ್ತರರು, "ಆ ಆರೇಳು ಪ್ರತಿಶತ ಎಲ್ಲಿಗೆ ಹೋಯಿತೆಂದು ಕೊರಗಬೇಡಿರಿ. ಅದು ನನ್ನ ಮೊಮ್ಮಗನ ಶಾಲೆಯ ಶುಲ್ಕವಾಗಿದೆ" ಎಂದು ಸಮಾಧಾನ ಮಾಡಿದರು.

ಬಿಡಿಭಾಗಗಳ ಮಾತಿಗೆ ಬಂದರೆ ನನಗೂ ನಗು ಬರುತ್ತದೆ. ಈ ಕಾರು ಹುಟ್ಟಿದ್ದು ಇಲ್ಲಿಂದ ಐವತ್ತು ಕಿಲೋಮೀಟರ್ ದೂರದ ರಾಂಜಣಗಾಂವದಲ್ಲಿ. 2020ರ ಹೊತ್ತಿಗೆ ಭಾರತದಲ್ಲಿ ಫಿಯೆಟ್ ಹೆಸರಿನ ಕಾರುಗಳ ಮಾರಾಟ ನಿಂತುಹೋಯಿತು; ಆ ಕಾರ್ಖಾನೆಯಲ್ಲಿ ಈಗ ಜೀಪುಗಳು ತಯಾರಾಗುತ್ತವೆ. ತವರು ಇಷ್ಟು ಹತ್ತಿರವಿದ್ದೂ ನಾನು ನಾನಾ ಪೇಠೆಯ ಅಂಗಡಿಗಳನ್ನು ಸುತ್ತಿ, ಬರಿಗೈಯಲ್ಲಿ ಬಂದು, ದೂರದ ಯಾವುದೋ ಊರಿನ ಅಪರಿಚಿತ ಟಿ-ಜೆಟ್ ಮಾಲೀಕರೊಬ್ಬರು ಕೊರಿಯರಿನಲ್ಲಿ ಕಳಿಸುವ, ಚಕ್ರದ ಜೋಡಣೆಯಲ್ಲಿರುವ ಬುಶ್ ಎಂಬ ರಬ್ಬರ್ ಭಾಗಕ್ಕೆ ಕಾಯುತ್ತೇನೆ. ಗುಂಡಿಗೆ ಬಿದ್ದರೆ ಒಡೆಯುವ ಭಾಗಕ್ಕೆ ಎಷ್ಟು ದಿನ ಕಾಯಬೇಕೆಂದು ತಿಳಿದವನು ಗುಂಡಿಯನ್ನು ಕಂಡಾಗ ಸಹಜವಾಗಿಯೇ ನಿಧಾನಿಸುತ್ತಾನೆ.

ಇಷ್ಟೆಲ್ಲ ನಕ್ಕವರು, ಧಾರವಾಡದ ಮದುವೆಗೆ ಯಾರ ಕಾರಿನಲ್ಲಿ ಹೋಗುವುದೆಂಬ ಪ್ರಶ್ನೆ ಬಂದಾಗ ಒಬ್ಬರಿನ್ನೊಬ್ಬರ ಮುಖ ನೋಡಿದರು. ಕೊನೆಗೆ ರಾಯರು ಕೆಮ್ಮಿ, "ನಿಮ್ಮ ಕಾರಾದರೆ ನಾನೂ ಸ್ವಲ್ಪ ಓಡಿಸುತ್ತೇನೆ" ಎಂದರು.

ನಾನು ಉದಾರಿಯಾದೆ. "ಹೋಗುವಾಗ ನಾನು, ಬರುವಾಗ ಪೂರ್ತಿ ನೀವೇ."

ರಾಯರು ಕಾಫಿಯನ್ನು ಕೆಳಗಿಟ್ಟು ಯೋಚಿಸಿದರು. ಆಗ ಪುಣೆಯಿಂದ ಹೋಗುವವರು ಖಂಬಾಟಕಿ ಘಾಟಿಯ ತಿರುವುಗಳನ್ನು ಹತ್ತುತ್ತಿದ್ದರು, ಸಾತಾರೆಯಿಂದ ಬರುವವರಿಗೆ ಸುರಂಗವಿತ್ತು. ಮೂವತ್ತು ವರ್ಷ ಸಾಲದ ಅರ್ಜಿಗಳನ್ನು ಓದಿದ ಕಣ್ಣು ಅದು. "ಘಾಟಿ ನಿಮಗೆ, ಸುರಂಗ ನನಗೆ! ಅದು ಆಗದು. ಘಾಟಿಗೆ ಮೊದಲು ಸಿಗುವ ಶಿರವಳದಲ್ಲೇ ಚಹಾಕ್ಕೆ ನಿಲ್ಲಿಸಿರಿ, ಬೀಗದ ಕೈ ಅಲ್ಲಿಯೇ ಕೈ ಬದಲಾಗಬೇಕು."

ಘಾಟಿಯಲ್ಲಿ ರಸ್ತೆಯ ಉಬ್ಬುಗಳಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಶೆಟ್ಟರೂ ಬರಲು ಒಪ್ಪಿದರು.